ನಲವತ್ತನೆಯ ಅಕ್ಷರ

ಯಶೋದಾ ಚಿತ್ರದುರ್ಗದ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ವೆಬ್‌ಸೈಟ್ ಬರೆಯುವ ಕೆಲಸಕ್ಕಿದ್ದಳು. ಮಾಲೀಕ ರಂಗೇಶ್, ಇವಳು, ಎರಡು ಮೇಜು; ಕಂಪನಿಯೆಂದರೆ ಅಷ್ಟೇ. ಹಿರಿಯೂರು ಕಡೆಯ ರೈತರ ಸಂಘವೊಂದು ಅವರಿಗೆ ಕೆಲಸ ಕೊಟ್ಟಿತ್ತು. ಬೆಳೆ ಕಿತ್ತ ಹೊಲದಲ್ಲಿ ಕುರಿ ಮೇಯಿಸಬಹುದೋ ಬಾರದೋ ಎಂದು ರೈತರು ಸೈಟಿನಲ್ಲಿ ಬರೆದರೆ, ಅದು ಸುತ್ತಲ ಕುರಿಯವರ ಫೋನಿಗೆ ಹೋಗಬೇಕು. ಕುರಿಗೆ ಮೇವಾಯಿತು, ಹೊಲಕ್ಕೆ ಗೊಬ್ಬರವಾಯಿತು.

ಫೋನಿನಲ್ಲಿ ಒಂದೇ ಸಾಲು ಕಾಣಬೇಕೆಂದು ರಂಗೇಶ್ ಹೇಳಿದ್ದ. ಯಶೋದಾ ಸಂದೇಶದ ಮೊದಲ ನಲವತ್ತು ಅಕ್ಷರ ಕತ್ತರಿಸಿ, ಮುಂದೆ ಮೂರು ಚುಕ್ಕಿ ಹಾಕಿದಳು. ಪೂರ್ತಿ ಓದಬೇಕಾದವರು ಅದರ ಮೇಲೆ ಒತ್ತಬೇಕು. ಕತ್ತರಿಸಲು, ಅವಳು ಸೈಟು ಬರೆಯುತ್ತಿದ್ದ ಪಿಎಚ್‌ಪಿ ಭಾಷೆಯಲ್ಲಿ, ಫಂಕ್ಷನ್ ಎಂಬ ಸಿದ್ಧ ಆಜ್ಞೆಯಿದೆ. ಅವಳು ಮೊದಲು ಬಳಸಿದ್ದು ಇಂಗ್ಲಿಷಿಗೆ ಹೊಂದುವಂಥದ್ದು. ಕನ್ನಡದ ಸಾಲು ತೀರಾ ಮೋಟಾಗಿ, ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿದ್ದ ಕಪ್ಪು ಚೌಕ ಮೂಡುತ್ತಿತ್ತು. ಹುಡುಕಿ, ಬೇರೆ ಭಾಷೆಗಳಿಗೆಂದೇ ಇರುವ ಇನ್ನೊಂದನ್ನು ಹಾಕಿದಳು. ಚೌಕ ಮಾಯವಾಯಿತು. ತುದಿ ಒಪ್ಪವಾಗಿ ಕಂಡಿತು. ರಂಗೇಶ್ ನೋಡಿ, "ಈಗ ಚೆನ್ನಾಗೈತೆ" ಎಂದ.

ಸೈಟನ್ನು ತೋರಿಸಿಕೊಡಲು ಅವಳೇ ಬಬ್ಬೂರು ದಾಟಿ ಸಂಘದ ಊರಿಗೆ ಹೋಗಿದ್ದಳು. ಮೊದಲು ಮುಂದೆ ಬಂದವನು ಚಿತ್ತಯ್ಯ. ಐವತ್ತು ದಾಟಿದ ಕುರಿಗಾಹಿ, ಹೆಗಲ ಮೇಲೆ ಕಂಬಳಿ, ಮಗಳು ಬಿಟ್ಟುಹೋದ ಹಳೆಯ ಫೋನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಹೆಂಡತಿ ಓಬವ್ವನಿಗೆ ಓದು ಬಾರದು.

"ಹೊಲ ಹೊಲ ತಿರುಗಿ ಕೇಳಾದು ತಪ್ತು ಬಿಡವ್ವಾ," ಎಂದು ಚಿತ್ತಯ್ಯ ನಕ್ಕಿದ್ದ.

"ಫೋನ್ ನಂಬ್ಕಂಡು ಕುರಿ ಬಿಡ್ತೀಯಾ?" ಎಂದು ಓಬವ್ವ ಗದರಿದ್ದಳು.

ಈರುಳ್ಳಿ ಕೀಳುವ ಕಾಲ ಬಂತು. ಸಂದೇಶಗಳು ದಿನವೂ ಬರತೊಡಗಿದವು. ಅವುಗಳಲ್ಲಿ ಮುಕ್ಕಾಲು ಪಾಲು 'ಕುರಿ ಮೇಯಿಸಬಹುದು' ಎಂದೇ ಇರುತ್ತಿದ್ದವು. ಕೊನೆ ತುಂಡಾಗಿದ್ದರೂ ಯಾರೂ ದೂರಲಿಲ್ಲ. ಮುಂದಿನದು ಏನೆಂದು ಎಲ್ಲರಿಗೂ ಗೊತ್ತಿತ್ತು.

ರಾಮಾಂಜನೇಯ ಎಂಬ ರೈತ ಈರುಳ್ಳಿ ಕಿತ್ತ ಹೊಲಕ್ಕೆ ಕಡಲೆ ಬಿತ್ತುವವನಿದ್ದ. ಮೊಳಕೆ ಕತ್ತರಿಸುವ ಹುಳಕ್ಕೆಂದು ತೌಡು, ಬೆಲ್ಲ, ವಿಷ ಕಲಸಿ ಹೊಲದ ತುಂಬ ಎರಚಿದ. ಎರಚಿ ಬಂದವನೇ, ಮರೆಯದೆ, ಸೈಟಿನಲ್ಲಿ ಬರೆದ: 'ಕೆರೆ ಹಿಂದಿನ ಈರುಳ್ಳಿ ಹೊಲದಲ್ಲಿ ಕುರಿ ಮೇಯಿಸಬೇಡಿ, ವಿಷದ ತೌಡು ಹಾಕಿದ್ದೇನೆ.'

ಚಿತ್ತಯ್ಯನ ಫೋನಿಗೆ ಬಂದದ್ದು: 'ಕೆರೆ ಹಿಂದಿನ ಈರುಳ್ಳಿ ಹೊಲದಲ್ಲಿ ಕುರಿ ಮೇಯಿಸಬ...'

ಅವನು ಅದರ ಮೇಲೆ ಒತ್ತಿದ್ದ ಕೂಡ. ಸಂದೇಶ ದಾರಿಯಲ್ಲೇ ಬಂದಿತ್ತು, ಈಗ ಗುಡ್ಡದ ಮಗ್ಗುಲಲ್ಲಿ ಸಿಗ್ನಲ್ ಇರಲಿಲ್ಲ. ಪರದೆ ಸುತ್ತುತ್ತಲೇ ಇತ್ತು. ಓಬವ್ವ, "ಊರಾಗೆ ಹೋಗಿ ಒಂದ್ಮಾತು ಕೇಳ್ಕಂಬಾ" ಎಂದಳು. "ಬರ್ದೈತಲ್ಲೇ, ಓದಾಕೆ ಬರಲ್ವಾ ನಂಗೆ?" ಎಂದು ಅವನು ಕುರಿಗಳನ್ನು ಹೊಲಕ್ಕೆ ಇಳಿಸಿದ.

ಸೈಟಿನಲ್ಲಿ ಸಹಾಯಕ್ಕೆಂದು ಕೊಟ್ಟಿದ್ದು ಯಶೋದಳ ನಂಬರ್. ಚಿತ್ತಯ್ಯ ಕೆರೆಯ ಏರಿ ಹತ್ತಿ, ಸಿಗ್ನಲ್ ಸಿಕ್ಕಿದ್ದೇ ಅದಕ್ಕೇ ಫೋನ್ ಮಾಡಿದ. ಹಿಂದೆ ಹೆಂಗಸಿನ ಅಳು ಕೇಳುತ್ತಿತ್ತು.

"ಅವ್ವಾ, ಕುರಿ ಎಲ್ಲಾ ನೊರೆ ಕಾರ್ತಾ ಬಿದ್ದವೆ. ಕಾಲು ಬಡೀತವೆ. ನೀವು ಬರ್ದಂಗೇ ಮೇಯಿಸ್ದೆ. ಮೇಯಿಸಬಹುದು ಅಂತ ಇತ್ತಲ್ಲವ್ವಾ?"

ಯಶೋದಾ ಸೈಟು ತೆರೆದು ಆ ಸಂದೇಶ ನೋಡಿದಳು. ನಾವು ಎಣಿಸಿದಂತೆ ಎಣಿಸಿದರೆ ರಾಮಾಂಜನೇಯನ ಮಾತು, ವಿಷದ ತೌಡಿನ ಸಮೇತ, ನಲವತ್ತರೊಳಗೇ ಮುಗಿಯುತ್ತಿತ್ತು. ಆದರೆ ಆ ಫಂಕ್ಷನ್ ನಮ್ಮಂತೆ ಎಣಿಸುವುದಿಲ್ಲ. ಅದಕ್ಕೆ 'ಬೇ' ಒಂದಕ್ಷರವಲ್ಲ. 'ಬ' ಒಂದು, ಅದರ ದೀರ್ಘದ ಗುರುತು ಇನ್ನೊಂದು. ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ನಲವತ್ತನೆಯದು 'ಬ'. ಅಲ್ಲಿಗೆ ಕತ್ತರಿಸಿ, ಗುರುತನ್ನು ಆಚೆ ಬಿಟ್ಟಿತ್ತು. ಹಳೆಯ ಕಪ್ಪು ಚೌಕವಾದರೂ ಇದ್ದಿದ್ದರೆ ಏನೋ ಕೆಟ್ಟಿದೆಯೆಂದು ಚಿತ್ತಯ್ಯ ನಿಲ್ಲುತ್ತಿದ್ದನೇನೋ.

ರಂಗೇಶನಿಗೆ ಹೇಳಿದಳು. ಅವನು ಎದ್ದು ಬಾಗಿಲು ಹಾಕಿದ.

"ಸರಿಮಾಡಿ ಸುಮ್ನಿದ್ದುಬಿಡು. ಕೋಡಲ್ಲಿ ತಪ್ಪಿಲ್ಲ. ನೀನು ನಲವತ್ತು ಕೇಳ್ದೆ, ಅದು ನಲವತ್ತು ಕೊಟ್ಟೈತೆ."

"ಸರ್, ಅವ್ರ ಕುರಿ ಸಾಯ್ತಿವೆ."

"ನೀನು ಹೋಗಿ ಹೇಳಿದ್ರೆ ಎದ್ದು ಬರ್ತಾವಾ?"

ಅವಳು ಬಸ್ಸು ಹತ್ತಿದಳು. ಊರು ತಲುಪುವಷ್ಟರಲ್ಲಿ ಪಶುವೈದ್ಯರು ಬಂದು ಸೂಜಿ ಚುಚ್ಚಿ ಹೋಗಿದ್ದರು. ಉಳಿದವು ಕೆಲವೇ, ಅವೂ ತಲೆ ಎತ್ತಲಾರದೆ ಬೇಲಿಗೆ ಒರಗಿದ್ದವು. ಕೆರೆಯ ಏರಿಯ ಕೆಳಗೆ ಜೆಸಿಬಿ ಗುಂಡಿ ತೋಡುತ್ತಿತ್ತು. ಜನ ರಾಮಾಂಜನೇಯನನ್ನು ಸುತ್ತುವರಿದಿದ್ದರು. ಅವನು ಫೋನನ್ನು ಎಲ್ಲರ ಮುಖಕ್ಕೂ ಹಿಡಿಯುತ್ತಿದ್ದ.

"ಬ್ಯಾಡ ಅಂತಲೇ ಬರ್ದಿದೀನಿ, ನೋಡ್ರಿ!"

"ಆಮ್ಯಾಲೆ ತಿದ್ದಿರ್ತೀಯ," ಎಂದನೊಬ್ಬ.

ಯಶೋದಾ ಮುಂದೆ ಹೋಗಿ, ತಿದ್ದಿಲ್ಲ, ಕತ್ತರಿಸಿದ್ದು ತಾನು ಬರೆದ ಪ್ರೋಗ್ರಾಂ ಎಂದಳು. ಬ ಬೇರೆ, ಗುರುತು ಬೇರೆ ಎಂದು ಬಿಡಿಸಿ ಹೇಳಿದಳು. ಜನ ಅವಳ ಮುಖ ನೋಡಿದರು. ಕನ್ನಡ ಬಲ್ಲವರ್ಯಾರೂ 'ಬೇ'ಯನ್ನು ಎರಡೆಂದು ಎಣಿಸುವುದಿಲ್ಲ. ಯಾರನ್ನೋ ಉಳಿಸಲು ಬಂದಿದ್ದಾಳೆ ಎಂದುಕೊಂಡು, ಒಬ್ಬೊಬ್ಬರೇ ಅತ್ತ ತಿರುಗಿದರು. ರಾಮಾಂಜನೇಯನೂ ನಿಲ್ಲಲಿಲ್ಲ.

ಚಿತ್ತಯ್ಯ ಗುಡಿಸಲ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದ. "ಕುಂತ್ಕಳವ್ವಾ," ಎಂದ.

"ಚಿತ್ತಯ್ಯಣ್ಣ, ತಪ್ಪು ನಂದು. ನೀವು ಸರಿಯಾಗೇ ಓದಿದ್ರಿ. ಅದ್ರಲ್ಲಿ ಇದ್ದಿದ್ದೇ ಅಷ್ಟು."

"ಇಲ್ಲವ್ವಾ. ಇದ್ದಿದ್ದು ಬ. ಬಹುದು ಅಂತ ಸೇರಿಸ್ಕಂಡೋನು ನಾನು."

"ಯಾರಿದ್ರೂ ಹಂಗೇ ಓದ್ತಿದ್ರು."

"ಇವ್ಳು ಓದ್ತಿರ್ಲಿಲ್ಲ," ಎಂದು ಅವನು ಒಳಗೆ ಕೈ ತೋರಿಸಿದ. "ಇವ್ಳಿಗೆ ಅಕ್ಷರ ಬರಲ್ಲ. ಊರಾಗೆ ಹೋಗಿ ಕೇಳು ಅಂದ್ಲು."

ಓಬವ್ವ ಹೊಸ್ತಿಲಲ್ಲಿದ್ದಳು. ಮುಖ ಗಂಡನ ಕಡೆಗಿರಲಿಲ್ಲ. ಯಶೋದಾ ಅವಳ ಕೈ ಹಿಡಿಯಲು ಹೋದಳು. ಓಬವ್ವ ಮೆಲ್ಲಗೆ ಬಿಡಿಸಿಕೊಂಡು, ಒಳಗಿಂದ ನೀರು ತಂದುಕೊಟ್ಟಳು.

ಊರಿಂದ ಮರಳಿ ಯಶೋದಾ ಕತ್ತರಿಸುವ ಸಾಲನ್ನೇ ಅಳಿಸಿಹಾಕಿದಳು. ಪೂರ್ತಿ ಸಂದೇಶ ಕಳಿಸಿದರೂ ಅಗ್ಗದ ಫೋನುಗಳು ತಮಗೆ ಬೇಕಾದಲ್ಲಿ ಕತ್ತರಿಸಿ ತೋರಿಸುತ್ತಿದ್ದವು. 'ಬೇಡ' ಎಂಬುದನ್ನು ಮೊದಲು ಬರೆಯಿರಿ ಎಂದು ಎಲ್ಲ ರೈತರನ್ನೂ ಕೇಳಿಕೊಂಡಳು. ಯಾರೂ ಹಾಗೆ ಬರೆಯಲಿಲ್ಲ. ಕನ್ನಡದಲ್ಲಿ ಆ ಮಾತು ಕೊನೆಗೇ ಬರುತ್ತದೆ. ಅಷ್ಟರಲ್ಲಿ ಕುರಿಯವರು ಸೈಟು ನೋಡುವುದನ್ನೇ ಬಿಟ್ಟಿದ್ದರು. ರಂಗೇಶ್ ಅದೇ ಸೈಟಿಗೆ ಬೇರೆ ಬಣ್ಣ ಬಳಿದು ಹೊಳಲ್ಕೆರೆಯ ಇನ್ನೊಂದು ಸಂಘಕ್ಕೆ ಕೊಡಲು ಮಾತಾಡಿ ಬಂದ. ಒಂದೇ ಸಾಲು ಕಾಣಬೇಕಂತೆ ಎಂದ. ಆ ಕೆಲಸ ತನ್ನಿಂದಾಗದು ಎಂದಳು ಯಶೋದಾ. ಅವನು ಬೇರೊಬ್ಬನಿಂದ ಮಾಡಿಸಿದ.

ಚಿತ್ತಯ್ಯ ಉಳಿದ ಕುರಿಗಳನ್ನು ಮಾರಿ ಹೊಸದುರ್ಗದ ಹತ್ತಿರ ತೆಂಗಿನ ನಾರಿನ ಕಾರ್ಖಾನೆಗೆ ಸೇರಿದ. ಯಶೋದಾ ಆಗಾಗ ಫೋನ್ ಮಾಡುತ್ತಿದ್ದಳು. ಅವನು "ಹೂಂ" ಅನ್ನುತ್ತಿದ್ದ, ಬರಬರುತ್ತ ಅದೂ ನಿಂತಿತು. ಒಮ್ಮೆ ಓಬವ್ವ ಎತ್ತಿಕೊಂಡಳು.

"ಇನ್ನು ಮಾಡಬ್ಯಾಡ ಕಣವ್ವಾ. ಇದು ಬಡ್ಕಂಡ್ರೆ ಸಾಕು, ಆವಯ್ಯ ಉಣ್ಣೋ ತಟ್ಟೆ ಬಿಟ್ಟು ಎದ್ದೋಗ್ತಾನೆ."

"ಆಯ್ತಕ್ಕ," ಎಂದಳು ಯಶೋದಾ. ಆ ಕಡೆಯಿಂದ ಕಾರ್ಖಾನೆಯ ಯಂತ್ರದ ಸದ್ದು ಬಂತು. ಆಮೇಲೆ ಓಬವ್ವನೇ ಫೋನ್ ಇಟ್ಟಳು.