ಎನಿಡ್ ಮಿಸ್ ಹಿಡಿದ ಪಥ್ಯ

ಎನಿಡ್ ಪಥ್ಯ ಹಿಡಿದು ಆರು ವಾರವಾಗಿತ್ತು. ಪಥ್ಯದವರು ಬಾಯಿ ಕಟ್ಟುತ್ತಾರೆ ಅನ್ನುತ್ತಾರೆ. ಅವಳು ತಿನ್ನುವುದಕ್ಕಷ್ಟೇ ಕಟ್ಟಿದ್ದಳು, ಮಾತಿಗಲ್ಲ. ತನ್ನ ಸಣ್ಣ ಊರು ಸ್ಕಾಟ್ಸ್‌ಡೇಲಿನಲ್ಲಿ ಯಾರು ಎದುರಾದರೂ ಸರಿ, ಮೈಯೊಳಗೆ ಯೀಸ್ಟ್ ಹೇಗೆ ಬೆಳೆಯುತ್ತದೆ, ಸಕ್ಕರೆ ಹೇಗೆ ಅದಕ್ಕೆ ಮೇವಾಗುತ್ತದೆ ಎಂದು ಪಾಠ ಶುರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾಲಿಗೆ ಅದು.

ಕಾಯಿಲೆಯೂ ಆ ನಾಲಿಗೆಗೇ. ಮೊಸರು ಸವರಿದ ಹಾಗೆ ಯೀಸ್ಟಿನ ಬಿಳಿ ಪದರ, ಏನು ತಿಂದರೂ ರಟ್ಟು ಜಗಿದಂತೆ. ಬೇರೆಯವರಾದರೆ ಹೇಗೋ ಸಹಿಸುತ್ತಿದ್ದರು. ಎನಿಡ್ ಊರಿನ ವಾರ್ಷಿಕ ಕೃಷಿ ಷೋದಲ್ಲಿ ಹತ್ತೊಂಬತ್ತು ವರ್ಷದಿಂದ ಹಣ್ಣಿನ ಕೇಕಿನ ತೀರ್ಪುಗಾರ್ತಿ. ಷೋ ಬರುವ ಶನಿವಾರ. ಅಷ್ಟರಲ್ಲಿ ರುಚಿ ತಿರುಗಿ ಬರದಿದ್ದರೆ ಆ ಕೆಲಸ ಬಿಡಬೇಕು. ಅವಳ ಮಾತನ್ನು ಊರು ಉಸಿರು ಹಿಡಿದು ಕೇಳುತ್ತಿದ್ದುದು ವರ್ಷಕ್ಕೆ ಆ ಒಂದು ಬೆಳಿಗ್ಗೆ ಮಾತ್ರ.

ಅದಕ್ಕೇ ಒಂದು ಪುಸ್ತಕ ನೋಡಿ ಸಕ್ಕರೆ, ಬ್ರೆಡ್ಡು, ವೈನು, ವಿನೆಗರು, ಅಣಬೆ ಎಲ್ಲ ಬಿಟ್ಟಿದ್ದಳು. ಬೆಳ್ಳುಳ್ಳಿ ಮಾತ್ರೆ, ತೆಂಗಿನೆಣ್ಣೆಯ ಮಾತ್ರೆ, ಒಳ್ಳೆಯ ಬ್ಯಾಕ್ಟೀರಿಯಾದ ಮಾತ್ರೆ ದಿನಕ್ಕೆ ಒಂಬತ್ತು ನುಂಗುತ್ತಿದ್ದಳು. ಊರು ಸಹಿಸಿಕೊಂಡಿತು. ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಬಾರಿನಲ್ಲಿದ್ದ ಕೆನ್ ಅವಳ ಸೋಡಾವನ್ನು ವೈನ್ ಗ್ಲಾಸಿನಲ್ಲೇ ಸುರಿದು ಕೊಡುತ್ತಿದ್ದ, ಗುಂಪಿನಲ್ಲಿ ಬೇರೆಯಾಗಿ ಕಾಣಬಾರದೆಂದು. ಪಕ್ಕದ ಮನೆಯ ಗ್ವೆಂಡಾ ಸಕ್ಕರೆಯಿಲ್ಲದ, ಯೀಸ್ಟಿಲ್ಲದ ಸ್ಕೋನು ಎಂಬ ಸಣ್ಣ ಬನ್ನುಗಳನ್ನು ಮಾಡಿ ತಂದಿಡುತ್ತಿದ್ದಳು. ಅವು ಕಲ್ಲಿನಂತಿದ್ದವೆಂದು ಹಲ್ಲು ಹೇಳುತ್ತಿತ್ತು; ನಾಲಿಗೆ ಏನೂ ಹೇಳುತ್ತಿರಲಿಲ್ಲ.

ಸೋಮವಾರ ಎನಿಡ್ ಇನ್ನೂ ಜೋರಾದ ಮಾತ್ರೆ ಕೇಳಲು ಔಷಧಿ ಅಂಗಡಿಗೆ ಹೋದಳು. ಅಂಗಡಿಯ ಥಾವೊ ಅವಳ ಹಳೆಯ ವಿದ್ಯಾರ್ಥಿನಿ. ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಎನಿಡ್ ಹೆಮ್ಮೆಯಿಂದ ಒಪ್ಪಿಸಿದಳು: ಬೆಳಿಗ್ಗೆ ಅಕ್ಕಿಯ ಬಿಸ್ಕತ್ತು, ಅದರ ಮೇಲೆ ದಪ್ಪಗೆ ಸವರಿದ ವೆಜಿಮೈಟು, ಆ ದೇಶದಲ್ಲಿ ಮನೆಮನೆಯ ಉಪ್ಪುಪ್ಪು ಕಪ್ಪು ಲೇಪ.

ಥಾವೊ ಬರೆಯುವುದನ್ನು ನಿಲ್ಲಿಸಿದಳು. "ಮಿಸ್, ವೆಜಿಮೈಟ್ ಯಾವುದರಿಂದ ಮಾಡ್ತಾರೆ?"

ಎನಿಡ್‌ಗೆ ಉತ್ತರ ಗೊತ್ತಿತ್ತು. ಬಿಯರು ಮಾಡಿ ಉಳಿದ ಯೀಸ್ಟಿನಿಂದ. ಒಂಬತ್ತನೆಯ ತರಗತಿಗೆ ಪ್ರತಿವರ್ಷ ಅದರ ಡಬ್ಬಿಯನ್ನೇ ಮೇಜಿನ ಮೇಲಿಟ್ಟು ಕಲಿಸಿದವಳು ಅವಳೇ. ಎರಡು ವರ್ಷದ ಮಗುವಾಗಿದ್ದಾಗಿನಿಂದ ತಿಂದದ್ದು ಅವಳಿಗೆ ಆಹಾರವೆಂದೇ ಅನಿಸಿರಲಿಲ್ಲ, ನೀರಿನ ಹಾಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಳು; ಸಾಲದ್ದಕ್ಕೆ ಊರಿನವರಿಗೂ ಹುಡುಕುವುದನ್ನು ಕಲಿಸಿದ್ದಳು.

"ಬಿಡಿ ಮಿಸ್, ಅದು ಸತ್ತ ಯೀಸ್ಟು, ಬೆಳೆಯಲ್ಲ. ನೀವೇ ಹೇಳಿಕೊಟ್ಟಿದ್ದು," ಎಂದಳು ಥಾವೊ, ನಗದೆ. ಆ ನಗದಿದ್ದುದನ್ನು ಎನಿಡ್ ಮರೆಯಲಿಲ್ಲ. ಆಮೇಲೆ, ನಿಮ್ಮ ಉಬ್ಬಸಕ್ಕೆ ಕೊಟ್ಟ ಪಂಪನ್ನು ಬಾಯಿಗಿಟ್ಟು ಎಳೆದಾದ ಮೇಲೆ ಬಾಯಿ ಮುಕ್ಕಳಿಸುತ್ತೀರಾ ಎಂದು ವಿಚಾರಿಸಿದಳು. ಇಲ್ಲ. ಪಂಪು ಶುರುವಾದ ಹದಿನಾಲ್ಕು ತಿಂಗಳಿಂದ ಒಮ್ಮೆಯೂ ಇಲ್ಲ. ಆ ಔಷಧಿ ಬಾಯಲ್ಲಿ ಉಳಿದರೆ ಹೀಗಾಗುತ್ತದೆಂದು ಪಂಪಿನ ಡಬ್ಬಿಯ ಮೇಲೇ ಅಚ್ಚಾಗಿತ್ತು. ಚೀಟಿ ಓದದೆ ಸೀಸೆ ಮುಟ್ಟಬಾರದೆಂದು ಮಕ್ಕಳಿಗೆ ಬೈದವಳೂ ಅವಳೇ. ಥಾವೊ ನಾಲಿಗೆಗೆ ಬಿಡುವ ಔಷಧಿ ಕೊಟ್ಟು, ವಾಸಿಯಾಗಲು ವಾರದ ಮೇಲೇ ಹಿಡಿಯಬಹುದೆಂದೂ ವಾಸಿಯಾಗದಿದ್ದರೆ ಡಾಕ್ಟರಿಗೆ ತೋರಿಸಬೇಕೆಂದೂ ಹೇಳಿದಳು.

ಶನಿವಾರಕ್ಕೆ ಐದೇ ದಿನ.

ಎನಿಡ್ ನೇರ ಗ್ವೆಂಡಾಳ ಅಡುಗೆಮನೆಗೆ ಹೋಗಿ ಎಲ್ಲ ಹೇಳಿ, ಕಮಿಟಿಗೆ ರಾಜೀನಾಮೆ ಬರೆಯುತ್ತೇನೆಂದಳು. ಗ್ವೆಂಡಾ ಟೀ ಸೋಸಿ ಮುಗಿಸಿದಳು. ಆಮೇಲೆ ಡ್ರಾಯರಿನಿಂದ ಹೋದ ವರ್ಷದ ನೀಲಿ ರಿಬ್ಬನ್ ತೆಗೆದು ಮೇಜಿನ ಮೇಲಿಟ್ಟಳು. ಮೊದಲ ಬಹುಮಾನದ್ದು, ಗೋಡೆಗೆ ಹಚ್ಚಿರಲೇ ಇಲ್ಲ.

"ಆ ಕೇಕಿಗೆ ನಾನು ಸಕ್ಕರೆ ಹಾಕೋದೇ ಮರೆತಿದ್ದೆ ಕಣೇ. ಷೋದಲ್ಲಿ ಎಲ್ಲರಿಗೂ ಹಂಚಿ ಉಳಿದ ತುಂಡು ಮನೆಗೆ ತಂದು ತಿಂದಾಗ ಗೊತ್ತಾಯ್ತು. ನೀನು ನೋಡಿದ್ರೆ 'ಸಿಹಿ ಹದವಾಗಿದೆ' ಅಂತ ಬರೆದಿದ್ದೆ."

"ಯಾಕೆ ಹೇಳ್ಲಿಲ್ಲ?"

"ಮೈಕಿನಲ್ಲಿ ಎಷ್ಟು ಖುಷಿಯಾಗಿ ನನ್ನ ಹೆಸರು ಕರೆದೆ ಗೊತ್ತಾ."

ಎನಿಡ್ ನಗಲು ಶುರುಮಾಡಿದಳು. ಉಬ್ಬಸ ಬರುವವರೆಗೂ ನಕ್ಕಳು. ಪಥ್ಯಕ್ಕೆ ಒಂದು ವರ್ಷ ಮುಂಚೆಯೇ ಸಕ್ಕರೆಯಿಲ್ಲದ ಕೇಕಿಗೆ ಬಹುಮಾನ ಕೊಟ್ಟ ಮಹಾತಾಯಿ. ಪಂಪು ಎಳೆದಳು. ಗ್ವೆಂಡಾ ಒಂದು ಲೋಟ ನೀರು ಮುಂದೆ ಹಿಡಿದಳು, ಮುಕ್ಕಳಿಸಲು.

ರಾಜೀನಾಮೆ ಬರೆಯಲಿಲ್ಲ. ಗ್ವೆಂಡಾ ತನ್ನ ಕೇಕನ್ನು ಸ್ಪರ್ಧೆಯಿಂದ ಹಿಂದೆ ತೆಗೆದುಕೊಂಡಳು. ಶನಿವಾರ ಎನಿಡ್ ಮೈಕು ಹಿಡಿದು, ಹೋದ ವರ್ಷ ತನ್ನ ನಾಲಿಗೆ ಕೆಟ್ಟಿತ್ತು, ತೀರ್ಪೂ ಕೆಟ್ಟಿತ್ತು, ಈ ಸಲ ತನಗೆ ಕಣ್ಣು ಮತ್ತು ಬೆರಳು ಮಾತ್ರ ಇವೆ, ನಾಲಿಗೆ ಗ್ವೆಂಡಾಳದು ಎಂದಳು. ಹಿಂದಿನಿಂದ ಕೆನ್, "ಹಾಗಾದ್ರೆ ಈ ಸಲ ಸಕ್ಕರೆ ಹಾಕಿದೋರಿಗೂ ಅವಕಾಶ ಇದೆ," ಅಂದ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಒಂದು ವರ್ಷ ಇಡೀ ಊರು ಅವಳಿಗಾಗಿ ಬಾಯಿ ಕಟ್ಟಿತ್ತು.