ಒಂದೇ ಬಟ್ಟಲಿನ ನೀಲಿ

ಸಂಗ್ರಹಾಲಯಕ್ಕೆ ಮರದ ಹಕ್ಕಿ ಕೆತ್ತುವವಳು ನಾದಿನಿ, ಬಣ್ಣ ಬಳಿಯುವವಳು ಅತ್ತಿಗೆ. ಬೈದಾಡುತ್ತಲೇ ಒಂದೇ ಮೇಜಿನಲ್ಲಿ ಕೂತು ತಲೆ ನರೆಸಿಕೊಂಡವರು.

ಅತ್ತಿಗೆಯ ಬಲಗಣ್ಣಿನ ಪೊರೆ ತೆಗೆಸಿ ಆಗಿತ್ತು. ಎಡಗಣ್ಣಿನದಕ್ಕೆ ಮಾತ್ರ ಮಹಾತಾಯಿ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಕೆಲಸಕ್ಕೆ ಮರಳಿದ ದಿನವೇ ಮೇಲ್ವಿಚಾರಕಿ, "ಮಿಂಚುಳ್ಳಿ ಜೋಡಿಗೆ ಹೊಸ ಬಣ್ಣ ಆಗ್ಬೇಕು. ನೋಡೋರೆಲ್ಲ ಎರಡೂ ಒಂದೇ ಅಂತಾರೆ. ಕಣ್ಣಿಗೆ ಕಷ್ಟ ಆದ್ರೆ ಹೇಳಿಬಿಡಿ, ಬೇರೆಯವರನ್ನ ನೋಡ್ತೀನಿ" ಎಂದರು. ಕುಂಚ ಬಿಟ್ಟರೆ ಅತ್ತಿಗೆಗೆ ಬೇರೆ ಪ್ರಪಂಚವೇ ಇರಲಿಲ್ಲ.

ಒಂದು ಸಣ್ಣ ಮಿಂಚುಳ್ಳಿ, ಕೆನ್ನೆಯ ಮೇಲೆ ಕಿತ್ತಳೆ ಮಚ್ಚೆ. ಇನ್ನೊಂದು ನೀಲಿಕಿವಿ ಮಿಂಚುಳ್ಳಿ, ಕೆನ್ನೆಯೂ ನೀಲಿ. ಬೆನ್ನಿಗೆ ಮಾತ್ರ ಅವಳು ಈಚಿನ ವರ್ಷಗಳಲ್ಲಿ ಎರಡಕ್ಕೂ ಒಂದೇ ಬಟ್ಟಲಿನ ನೀಲಿ ಬಳಿಯುತ್ತಿದ್ದಳು. ಇಂದು ಅದೇ ನೀಲಿ ಬಲಗಣ್ಣಿಗೆ ರಾಚಿತು.

"ಅಯ್ಯೋ, ಆ ಡಾಕ್ಟರು ನನ್ನ ಬಾಯಿಗೆ ಮಣ್ಣು ಹಾಕಿಬಿಟ್ರು ಕಣೇ! ಈ ಕಣ್ಣಲ್ಲಿ ಎಲ್ಲ ಬಣ್ಣಾನೂ ಕೆಟ್ಟು ಕೂತಿದೆ."

"ಕುಣಿಲಾರದವಳು ನೆಲ ಡೊಂಕು ಅಂದಳಂತೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡ್ಬೇಕು ಅತ್ತಿಗೆ" ಎಂದ ನಾದಿನಿ, ಕಪಾಟಿನಿಂದ ಎರಡು ನಿಜವಾದ ಹಕ್ಕಿಗಳ ಒಣ ತೊಗಲು ತಂದು ಕಿಟಕಿಯ ಬೆಳಕಿಗಿಟ್ಟಳು.

ಅತ್ತಿಗೆ ಬಲಗಣ್ಣು ಮುಚ್ಚಿದಳು. ಎರಡು ಬೆನ್ನೂ ಒಂದೇ ಮಂಕು ನೀಲಿ. ಎಡಗಣ್ಣು ಮುಚ್ಚಿದಳು. ಸಣ್ಣದರ ಬೆನ್ನು ಹಸಿರು ಬೆರೆತ ತಿಳಿನೀಲಿ; ನೀಲಿಕಿವಿಯದು ಶಾಯಿಯಂಥ ಗಾಢ ನೀಲಿ. ಮತ್ತೆ ಮುಚ್ಚಿ, ಮತ್ತೆ ತೆರೆದು ನೋಡಿದಳು.

"ಕೆಟ್ಟಿದ್ದು ಹಳೇ ಕಣ್ಣು ಕಣೇ!" ಅವಳು ಅಳುತ್ತಲೇ ನಕ್ಕಳು. "ಇಷ್ಟು ವರ್ಷ ಅಕ್ಕಪಕ್ಕದ ಮನೆ ಮಕ್ಕಳಿಗೆ ಒಂದೇ ತಾನಿನ ಅಂಗಿ ಹೊಲಿಸಿದ್ದೆನಲ್ಲೇ!"

ಅಂದು ಮೇಜಿನ ಮೇಲೆ ಎರಡು ಬಟ್ಟಲು ಬಂದವು. ಸಂಜೆ ಮೇಲ್ವಿಚಾರಕಿ ಬಂದವರು, ಎರಡೂ ಹಕ್ಕಿಗಳ ಕೆನ್ನೆಯನ್ನು ಬೆರಳಿನಿಂದ ಮುಚ್ಚಿ ಹಿಡಿದು, ಬೆನ್ನನ್ನಷ್ಟೇ ನೋಡಿದರು.

"ಇದು ನೀಲಿಕಿವಿ" ಎಂದರು ಅವರು. ಬೆರಳು ತೆಗೆದರು. ಕೆನ್ನೆ ನೀಲಿಯೇ ಇತ್ತು. "ಬೇರೆಯವರನ್ನ ಯಾಕೆ ನೋಡ್ಲಿ?"

ಅತ್ತಿಗೆ ಕೋಣೆಯ ಸುತ್ತ ಕಣ್ಣಾಡಿಸಿದಳು. ಗಾಜಿನ ಹಿಂದೆ ಅವಳೇ ಬಣ್ಣ ಬಳಿದ ಹಕ್ಕಿಗಳು ಸಾಲಾಗಿ ಕೂತಿದ್ದವು.

"ಎಲ್ಲಾನೂ ಕೆಳಗಿಳಿಸು" ಎಂದಳು ನಾದಿನಿಗೆ. "ಅದಕ್ಕೂ ಮೊದಲು ಆ ಡಾಕ್ಟರಿಗೊಂದು ಫೋನ್ ಮಾಡು. ಇನ್ನೊಂದು ಕಣ್ಣೂ ಕಾಯ್ತಾ ಇದೆ ಅನ್ನು."