ಸುಟ್ಟ ವಾಸನೆ

ಮೊದಲು ಬಂದದ್ದು ವಾಸನೆ. ಇಸ್ತ್ರಿಯವನು ಗಾಬರಿಯಿಂದ ಕೆಂಡದ ಪೆಟ್ಟಿಗೆಯನ್ನೆತ್ತಿ ಪಕ್ಕಕ್ಕಿಟ್ಟ. ಮೇಜಿನ ಮೇಲಿದ್ದದ್ದು ಎದುರುಮನೆ ವಕೀಲರ ಬಿಳಿ ಅಂಗಿ. ಕಾಲರ್ ನೋಡಿದ, ತೋಳು ನೋಡಿದ, ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಕಲೆಯಿರಲಿಲ್ಲ.

"ಏನೋ ಸೀದಂಗಿದೆಯಲ್ಲೇ," ಎಂದ. "ಒಲೆ ಮೇಲೇನಿಟ್ಟಿದ್ದೀಯಾ?"

"ಒಲೆ ಹಚ್ಚೇ ಇಲ್ಲ," ಎಂದಳು ಬಟ್ಟೆ ಮಡಿಸುತ್ತಿದ್ದ ಹೆಂಡತಿ. "ನಿಮ್ಮ ಪೆಟ್ಟಿಗೆ ನೋಡ್ಕೊಳ್ಳಿ."

ಈ ಮಾತಿಗೆ ಅವನಿಗೆ ಕೋಪ ಬಂತು. ಬೀದಿಯವರೆಲ್ಲ ಅವನನ್ನು 'ಗರಿಗರಿ' ಎಂದೇ ಕರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬರ ಕರವಸ್ತ್ರವನ್ನೂ ಸುಟ್ಟವನಲ್ಲ. ಬಟ್ಟೆ ಕೆಂಪಾಗುವ ಮೊದಲೇ ಅವನ ಮೂಗಿಗೆ ಗೊತ್ತಾಗುತ್ತಿತ್ತು. ಆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ. ಈಗಲೂ ಮಡಿಸಿಟ್ಟದ್ದನ್ನೆಲ್ಲ ಬಿಚ್ಚಿ ಒಂದೊಂದನ್ನೇ ಮೂಸತೊಡಗಿದ. ಹೆಂಡತಿ ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಅಯ್ಯಯ್ಯೋ! ರೀ, ನಿಮ್ಮ ಕಾಲು!"

ಪೆಟ್ಟಿಗೆಯಿಂದ ಸಿಡಿದ ಕೆಂಡವೊಂದು ಅವನ ಬರಿಗಾಲಿನ ಬೆರಳ ಸಂದಿಯಲ್ಲಿ ಕೂತು ಹೊಗೆಯಾಡುತ್ತಿತ್ತು. ಅವನು ಯಾರದೋ ಕಾಲನ್ನು ನೋಡುವಂತೆ ನೋಡುತ್ತ ನಿಂತ. ಅವಳೇ ಬರಿಗೈಯಲ್ಲಿ ಅದನ್ನು ಕಿತ್ತೆಸೆದು, ನೋವಿಗೆ ಬೆರಳನ್ನು ಬಾಯಿಗಿಟ್ಟುಕೊಂಡಳು.

"ಸುಡ್ತಾ?" ಎಂದು ಕೇಳಿದ. ಕೇಳಿದ ಮೇಲೆ ಅವನಿಗೇ ಎದೆ ಧಸಕ್ಕೆಂದಿತು.

ಸಕ್ಕರೆ ಕಾಯಿಲೆ ಅವನಿಗೆ ಹೊಸದೇನಲ್ಲ. ಅವನ ಅಣ್ಣನಿಗೂ ಇತ್ತು. ಹಿಮ್ಮಡಿಯ ಹುಣ್ಣನ್ನು ಇವತ್ತು ನಾಳೆ ಎನ್ನುತ್ತ ಮುಚ್ಚಿಟ್ಟುಕೊಂಡ ಅಣ್ಣ, ಆಸ್ಪತ್ರೆಯಿಂದ ಒಂದೇ ಕಾಲಲ್ಲಿ ಮನೆಗೆ ಬಂದಿದ್ದ. ಅದನ್ನು ಕಂಡ ಗರಿಗರಿ ಬುದ್ಧಿ ಕಲಿಯುವ ಬದಲು ಹೆದರಿದ. ತನ್ನ ಪಾದ ಜುಮ್ಮೆನ್ನುವುದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಆ ಜುಮ್ಮೂ ನಿಂತಾಗ, ಸದ್ಯ, ವಾಸಿಯಾಯಿತೆಂದು ಖುಷಿಪಟ್ಟಿದ್ದ.

"ಮುಲಾಮು ಹಚ್ಚಿದ್ರೆ ಹೋಗುತ್ತೆ ಬಿಡೇ. ಆಸ್ಪತ್ರೆಗೆ ಹೋದ್ರೆ ಕೊಯ್ದೇ ಬಿಡ್ತಾರೆ. ನಿಂತು ಮಾಡೋ ಕೆಲಸ ನಂದು."

"ಬಾಯ್ಮುಚ್ಕೊಂಡು ಹೊರಡ್ತೀರೋ, ಬೀದಿಯವರನ್ನ ಕರೀಲೋ?"

ಅವಳು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಯ ತೊಳೆದು ಕಟ್ಟು ಹಾಕಿ, ಅವನ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಿಸಿದಳು. ಪ್ಲಾಸ್ಟಿಕ್ ದಾರದಂಥ ಒಂದು ಎಳೆಯನ್ನು ಕೈಗೆತ್ತಿಕೊಂಡಳು.

"ಕಾಲು ಉಳಿಯುತ್ತಾ ಡಾಕ್ಟ್ರಮ್ಮಾ?" ಎಂದು ಕೇಳಿದ.

"ಸ್ಪರ್ಶ ಎಷ್ಟಿದೆ ನೋಡೋಣ. ಕಣ್ಮುಚ್ಕೊಳ್ಳಿ. ಇದು ತಾಗಿದಾಗ ಹೂಂ ಅನ್ನಿ."

ಅವನು ಕಣ್ಣನ್ನು ಬಿಗಿಯಾಗಿ ಮುಚ್ಚಿದ. ಹಿಮ್ಮಡಿಗೆ ಒತ್ತಿದ ಎಳೆ ಬಾಗಿತು. ಅವನು ಸುಮ್ಮನಿದ್ದ. ಅಂಗಾಲಿಗೆ ಒತ್ತಿದಳು. ಆಗಲೂ ಸುಮ್ಮನಿದ್ದ. ಡಾಕ್ಟರು ಎಳೆಯನ್ನು ಬದಿಗಿಟ್ಟು ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದಳು.

"ಹೂಂ," ಎಂದ ಅವನು.

ಅವನ ಹತ್ತಿರ ಯಾರೂ ಇರಲಿಲ್ಲ.

"ಹೂಂ. ಹೆಬ್ಬೆರಳಿಗೆ ತಾನೇ? ಚೆನ್ನಾಗೇ ಗೊತ್ತಾಗ್ತಿದೆ ಡಾಕ್ಟ್ರಮ್ಮಾ."

ಡಾಕ್ಟರು ನಲ್ಲಿ ನಿಲ್ಲಿಸಿ, ಅವನ ಹೆಂಡತಿಯ ಮುಖ ನೋಡಿದಳು. ಹೆಂಡತಿಗೆ ಅಳು ಒತ್ತರಿಸಿ ಬಂತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಸದ್ದಿಲ್ಲದೆ ಬಂದು ಅವನ ಕಣಕಾಲಿನ ಮೇಲೆ ಕೈಯಿಟ್ಟಳು. ಅವನು ಅಲುಗಲಿಲ್ಲ. ಕೈಯನ್ನು ಮೇಲೆ ಸರಿಸಿ ಮೀನಖಂಡವನ್ನು ಹಿಡಿದು ಒತ್ತಿದಳು.

"ಯಾಕೆ, ನಿಲ್ಲಿಸಿಬಿಟ್ರಾ?" ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ದೇವರೇ, ಇಲ್ಲಾದರೂ ಗೊತ್ತಾಗಲಿ, ಇಲ್ಲಾದರೂ, ಎಂದು ಮನಸ್ಸಿನಲ್ಲೇ ಬೇಡುತ್ತ ಅವಳು ಕೈಯನ್ನು ಇಷ್ಟಿಷ್ಟೇ ಮೇಲಕ್ಕೆ ತಂದಳು. ಮೊಣಕಾಲು ಸಿಕ್ಕೇಬಿಟ್ಟಿತು ಅನ್ನುವಾಗ ಅವನ ಕಾಲು ಅಲುಗಿತು. ಅವನು ತಡವರಿಸಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟ.

"ನಿನ್ನ ಕೈಯೇನೇ ಇದು? ಎಷ್ಟು ತಣ್ಣಗಿದೆ!"

ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತಳು.